ಅಮ್ಮನ ರಾಜಾಸೀಟು

ನಮ್ಮ ಮನೆಯ ಫ್ರಿಡ್ಜಿನ ಬಾಗಿಲ ಮೇಲೆ ಮಡಿಕೇರಿಯ ರಾಜಾಸೀಟು ಅಂಟಿಕೊಂಡಿದೆ. ಬೆರಳುದ್ದದ ಒಂದು ಮಂಟಪ, ಅದರ ಹಿಂದೆ ಎಲೆಕೋಸಿನ ಬಣ್ಣದ ಬೆಟ್ಟಗಳು, ಬೆಟ್ಟಗಳ ಮೇಲೆ ಬೆಟ್ಟಕ್ಕಿಂತ ದೊಡ್ಡ ಸೂರ್ಯ, ಇದಕ್ಕೆಲ್ಲ ಬೆನ್ನಿಗೊಂದು ಅಯಸ್ಕಾಂತ. ಮೈಸೂರಿನಿಂದ ಬಂದಿದ್ದ ನನ್ನ ಚಿಕ್ಕಮ್ಮನ ಮಗ ಹರೀಶ ಇದನ್ನು ಮಡಿಕೇರಿಯಲ್ಲಿ ಕೊಂಡು, ಕುಶಾಲನಗರದಲ್ಲಿರುವ ನನ್ನ ಕೈಗಿಟ್ಟು, “ಕೂರ್ಗಿನ ನೆನಪಿಗೆ ಇಟ್ಕೊಳ್ಳಿ ಅಕ್ಕ” ಎಂದ. ಕೊಡಗಿನಲ್ಲೇ ಹುಟ್ಟಿ, ಕೊಡಗಿನಲ್ಲೇ ಓದಿ, ಮದುವೆಯಾಗುವಾಗಲೂ ಕೊಡಗಿನ ಗಡಿ ದಾಟದ ನನಗೆ ಕೊಡಗಿನ ನೆನಪು! ಆದರೂ ಸಂತೋಷದಿಂದಲೇ ತೆಗೆದುಕೊಂಡೆ. ನಿಮ್ಮ ಹತ್ತಿರ ಮುಚ್ಚುಮರೆ ಯಾಕೆ, ಆ ದಿನದವರೆಗೆ ನಾನು ರಾಜಾಸೀಟು ನೋಡಿಯೇ ಇರಲಿಲ್ಲ.

ನಗಬೇಡಿ. ಬೇರೆ ಊರಿನವರು ರಜೆ ಹಾಕಿ, ರೂಮು ಹಿಡಿದು, ವಾಂತಿ ಮಾತ್ರೆ ನುಂಗಿ ನೋಡಲು ಬರುವ ಜಾಗಗಳನ್ನು ನಮ್ಮಲ್ಲಿ ಎಷ್ಟೋ ಜನ ನೋಡಿರುವುದಿಲ್ಲ. ಯಾಕೆ ಎಂದು ಕೇಳಿದರೆ ಎಲ್ಲರದೂ ಒಂದೇ ಉತ್ತರ: “ಅದೆಲ್ಲಿಗೆ ಹೋಗ್ತದೆ, ಇಲ್ಲೇ ಇರ್ತದಲ್ಲ!” ಜಲಪಾತ ಎಲ್ಲಿಗೂ ಹೋಗುವುದಿಲ್ಲ, ಕೋಟೆ ಎಲ್ಲಿಗೂ ಹೋಗುವುದಿಲ್ಲ, ಆದ್ದರಿಂದ ನಾವೂ ಎಲ್ಲಿಗೂ ಹೋಗುವುದಿಲ್ಲ. ಲೆಕ್ಕ ಸರಿಯಾಗಿದೆ.

ಕುಶಾಲನಗರದ ಬಸ್‌ಸ್ಟ್ಯಾಂಡಿಗೆ ಹತ್ತಿರದಲ್ಲಿ ನನ್ನದೊಂದು ಹೊಲಿಗೆ ಅಂಗಡಿಯಿದೆ. ದುಬಾರೆಯಲ್ಲಿ ಬಂಡೆಯ ಮೇಲೆ ಜಾರಿ ಪ್ಯಾಂಟಿನ ಹೊಲಿಗೆ ಬಿಟ್ಟುಕೊಂಡವರು, ಬ್ಯಾಗಿನ ಜಿಪ್ಪು ಕಿತ್ತುಕೊಂಡವರು ಬಂದು ಸ್ಟೂಲಿನ ಮೇಲೆ ಕೂರುತ್ತಾರೆ. ನಾನು ಜಿಪ್ಪು ಕೂರಿಸುವಷ್ಟರಲ್ಲಿ ಅವರು ನನಗೆ ಇಡೀ ಕೊಡಗನ್ನು ತೋರಿಸಿ ಮುಗಿಸಿರುತ್ತಾರೆ. ಮಡಿಕೇರಿ ಕೋಟೆಯೊಳಗೆ ಗಾರೆಯ ಆನೆಗಳೆರಡು ನಿಂತಿವೆ ಎಂದು ನನಗೆ ಗೊತ್ತಾಗಿದ್ದು ದಾವಣಗೆರೆ ಕಡೆಯ ಒಬ್ಬ ಹೆಂಗಸಿನಿಂದ. “ಅಷ್ಟು ದೊಡ್ಡ ಆನಿ ನೀವು ನೋಡಿಲ್ಲೇನ್ರೀ?” ಎಂದು ಆಕೆ ಕಣ್ಣರಳಿಸಿದಾಗ, “ನಮ್ಮಲ್ಲಿ ಜೀವ ಇರೋ ಆನೆಗಳೇ ಗದ್ದೆಗೆ ಬರ್ತವಲ್ಲ, ಗಾರೆ ಆನೆ ನೋಡಕ್ಕೆ ಟಿಕೆಟ್ ಯಾಕೆ ತಗೊಳ್ಳೋಣ” ಎಂದು ಹೇಗೋ ಮರ್ಯಾದೆ ಉಳಿಸಿಕೊಂಡೆ. ಸಂಜೆ ಮನೆಗೆ ಹೋಗಿ ಅಪ್ಪನನ್ನು ಕೇಳಿದೆ. ಹಿಂದೆ ಕೋಟೆಯ ಅರಮನೆಯಲ್ಲಿ ಸರ್ಕಾರಿ ಕಚೇರಿಗಳಿದ್ದವಲ್ಲ, ಆಗ ಅಪ್ಪ ಅಲ್ಲಿಗೆ ಎಷ್ಟೋ ಸಲ ಹೋಗಿಬಂದವರು. “ಆನೆಯಾ? ಇರಬೋದು. ನಾನು ಹೋಗ್ತಿದ್ದದ್ದು ಎಸ್ಟೇಟಿನ ಜಮೀನು ಪತ್ರದ ನಕಲಿಗೆ” ಎಂದರು. ಅರಮನೆ ಎಂದರೆ ಅವರ ಪಾಲಿಗೆ ನಕಲು ಸಿಗುವ ಜಾಗ.

ನಾನು ಹುಟ್ಟಿದ್ದು ಕೊಡ್ಲಿಪೇಟೆ ಹತ್ತಿರದ ಒಂದು ಕಾಫಿ ಎಸ್ಟೇಟಿನಲ್ಲಿ. ಅಪ್ಪ ಅಲ್ಲಿ ರೈಟರ್. ರೈಟರ್ ಎಂದರೆ ಕತೆ ಬರೆಯುವವರು ಎಂದುಕೊಳ್ಳಬೇಡಿ, ಎಸ್ಟೇಟಿನಲ್ಲಿ ಆಳುಗಳ ಹಾಜರಿ ಬರೆಯುವವರಿಗೆ ಹಾಗೆನ್ನುತ್ತಾರೆ. ಅಲ್ಲಿಂದ ಶನಿವಾರಸಂತೆ, ಶನಿವಾರಸಂತೆಯಿಂದ ಸೋಮವಾರಪೇಟೆ, ಇವಿಷ್ಟೇ ನನ್ನ ಬಾಲ್ಯದ ಭೂಗೋಳ. ನಾವು ಶನಿವಾರಸಂತೆಗೆ ಹೋಗುತ್ತಿದ್ದದ್ದು ಸಂತೆಯ ಶನಿವಾರ ಮಾತ್ರ. ಹಾಗಾಗಿ ಆ ಊರು ಇರುವುದೇ ಶನಿವಾರ, ಭಾನುವಾರ ಬೆಳಿಗ್ಗೆ ಅದನ್ನು ಮಡಚಿ ಗಾಡಿಗೆ ಹಾಕಿ ಸೋಮವಾರಪೇಟೆಗೆ ಒಯ್ಯುತ್ತಾರೆ ಎಂದು ನಾನು ಬಹಳ ದಿನ ನಂಬಿದ್ದೆ. ಒಮ್ಮೆ ಹಲ್ಲುನೋವೆಂದು ಬುಧವಾರ ನನ್ನನ್ನು ಶನಿವಾರಸಂತೆಗೆ ಕರೆದುಕೊಂಡು ಹೋದರು. ಊರು ಇದ್ದಲ್ಲೇ ಇತ್ತು! ಅಂಗಡಿಗಳು, ಬಸ್ಸು, ಹೋಟೆಲಿನ ಹೊಗೆ, ಎಲ್ಲವೂ. ಆಶ್ಚರ್ಯದಲ್ಲಿ ಬಾಯಿ ತೆರೆದುಕೊಂಡೇ ನಿಂತಿದ್ದರಿಂದ ಡಾಕ್ಟರಿಗೆ ಹಲ್ಲು ನೋಡುವುದು ಸುಲಭವಾಯಿತು. ಇನ್ನು ಕುಶಾಲನಗರದ ಹೆಸರು ಕೇಳಿ, ಅಲ್ಲಿನವರು ಸದಾ ಕುಶಾಲು ಮಾಡಿಕೊಂಡು ಇರುತ್ತಾರೆಂದು ತಿಳಿದಿದ್ದೆ. ಅದೇ ಊರಿನ ಹುಡುಗನನ್ನು ಮದುವೆಯಾದ ಮೇಲೆ ಆ ಭ್ರಮೆ ಹರಿಯಿತು.

ಇರಲಿ, ಹೇಳಲು ಹೊರಟಿದ್ದು ರಾಜಾಸೀಟಿನ ವಿಷಯ. ಯಾವುದನ್ನೂ ನೋಡದ ನಮ್ಮ ಮನೆತನದಲ್ಲಿ ರಾಜಾಸೀಟನ್ನು ನೋಡಿದವರು ಎಂದರೆ ಅಮ್ಮ, ಅಪ್ಪ ಇಬ್ಬರೇ. ಅದೂ ಮದುವೆಯಾದ ಹೊಸತರಲ್ಲಿ. ಅಮ್ಮನ ತವರು ಹಾಸನ ಜಿಲ್ಲೆಯ ಅರಕಲಗೂಡು ಕಡೆ. ಮದುವೆಯ ಊಟದ ಹೊತ್ತಿಗೆ ಅವಳ ತಂಗಿ, ಅಂದರೆ ನನ್ನ ಸರೋಜ ಚಿಕ್ಕಮ್ಮ, ಆಗಿನ್ನೂ ಲಂಗದ ಹುಡುಗಿ, ಮದುಮಗನ ಎಲೆಯ ಮುಂದೆ ನಿಂತು, “ಭಾವ, ನಿಮ್ ಕಡೆ ರಾಜಾಸೀಟು ಐತಂತಲ್ಲ, ನೀವು ನೋಡಿದೀರ?” ಎಂದು ಕೇಳಿದಳಂತೆ. ಹೆಣ್ಣಿನ ಕಡೆಯವರೆಲ್ಲ ತಿರುಗಿ ನೋಡಿದರಂತೆ. “ಅಯ್ಯೋ, ಅದು ನಮ್ಮ ಎಸ್ಟೇಟಿನ ಪಕ್ಕದಲ್ಲೇ. ವಾರಕ್ಕೊಂದ್ಸಲ ಹೋಗ್ತೀನಿ” ಎಂದರಂತೆ ಅಪ್ಪ. ಪಕ್ಕದಲ್ಲೇ ಎಂದರೆ ಮೂರು ಪೇಟೆ ದಾಟಿ, ಅರ್ಧ ದಿನ ಬಸ್ಸಿನಲ್ಲಿ ಕೂರಬೇಕಾದಷ್ಟು ಪಕ್ಕ.

ಆಡಿದ ಮಾತಿಗಾಗಿ ಅಪ್ಪ ಅವಳನ್ನು ಮಡಿಕೇರಿಗೆ ಕರೆದೊಯ್ದ ಕತೆಯನ್ನು ನಾನು ಅಮ್ಮನ ಬಾಯಲ್ಲಿ ಕೇಳಿದಷ್ಟು ಸಲ ಶಾಲೆಯಲ್ಲಿ ಮಗ್ಗಿಯನ್ನೂ ಹೇಳಿಲ್ಲ. ಹೊಸ ಸೀರೆ, ಕೈಯಲ್ಲಿ ಚಕ್ಕುಲಿಯ ಪೊಟ್ಟಣ, ಮಡಿಕೇರಿಯಲ್ಲಿ ಮಂಜೋ ಮಂಜು. ಒಂದು ಮರ, ಮರದ ಕೆಳಗೆ ಕಲ್ಲಿನ ಬೆಂಚು, ಎದುರಿಗೆ ಪಾತಾಳದಂಥ ಕಣಿವೆ. “ಆ ಬೆಂಚಿನ ಮೇಲೆ ರಾಜ ಕೂರ್ತಿದ್ನಂತೆ ಕಣೇ. ಅದೇ ಬೆಂಚಿನ ಮೇಲೆ ನಿಮ್ಮಪ್ಪ ನನ್ನ ಕೂರಿಸಿದ್ರು” ಎನ್ನುವಲ್ಲಿಗೆ ಅಮ್ಮನ ಬೆನ್ನು ತಾನಾಗಿ ನೆಟ್ಟಗಾಗುತ್ತಿತ್ತು. ಎಸ್ಟೇಟಿನ ಲೈನು ಮನೆಗಳ ಸಾಲಿನಲ್ಲಿದ್ದ ಕೆಲಸದ ಹೆಂಗಸರು ಕಾಫಿಹಣ್ಣು ಕೊಯ್ಯುವ ಪಿಕ್ಕಿಂಗ್ ಮುಗಿಸಿ ನಮ್ಮ ಜಗಲಿಯಲ್ಲಿ ಎಲೆಅಡಿಕೆ ಹಾಕುತ್ತ ಇದನ್ನು ಕೇಳಿ ಕೇಳಿ, ಅಮ್ಮನಿಗೆ ‘ರಾಣಿಯಮ್ಮ’ ಎಂದೇ ಹೆಸರಿಟ್ಟರು. ರತ್ನಮ್ಮ ಎಂದರೆ ಎಸ್ಟೇಟಿನಲ್ಲಿ ಯಾರಿಗೂ ತಿಳಿಯುತ್ತಿರಲಿಲ್ಲ. ಇನ್ನು ತವರಿನಲ್ಲಂತೂ ಅಮ್ಮ ಹೇಳಿದ ರಾಜಾಸೀಟೇ ರಾಜಾಸೀಟು. ಸರೋಜ ಚಿಕ್ಕಮ್ಮ ಮೈಸೂರಿಗೆ ಮದುವೆಯಾಗಿ ಹೋಗಿ, ಅರಮನೆಯ ದೀಪಗಳನ್ನು ನೋಡಿ ಬಂದು ಹೇಳಿಕೊಂಡರೆ, “ನೋಡಿದ್ದು ತಾನೆ? ನಾನು ಕೂತಿದ್ದೆ” ಎಂದು ಅಮ್ಮ ಒಂದೇ ಮಾತಿನಲ್ಲಿ ದೀಪ ಆರಿಸುತ್ತಿದ್ದಳು.

ಅಪ್ಪನ ನಿವೃತ್ತಿಯಾದ ಮೇಲೆ ಇಬ್ಬರೂ ಕುಶಾಲನಗರಕ್ಕೆ ಬಂದು ನಮ್ಮ ಮನೆಯ ಮುಂಭಾಗದಲ್ಲೇ ಇದ್ದಾರೆ. ಹೋದ ಚಳಿಗಾಲದಲ್ಲಿ ಚಿಕ್ಕಮ್ಮನ ಫೋನು ಬಂತು. ಹರೀಶ ಹೊಸ ವ್ಯಾನು ತೆಗೆದುಕೊಂಡಿದ್ದಾನೆ, ಭಾನುವಾರ ಬರುತ್ತೇವೆ, ಹಾರಂಗಿ ನೋಡಿಕೊಂಡು ಮಡಿಕೇರಿ. “ಅಕ್ಕ, ಈ ಸಲ ನಿನ್ ಬೆಂಚು ತೋರಿಸ್ಲೇಬೇಕು. ಎಷ್ಟು ವರ್ಷದಿಂದ ಕೇಳ್ತಾ ಇದೀನಿ!” ಎಂದಳು. ಅಮ್ಮ ಆವತ್ತಿನಿಂದಲೇ ಸೀರೆ ಆರಿಸಲು ಕೂತಳು.

ಶನಿವಾರ ಮಧ್ಯಾಹ್ನ ಅಪ್ಪ ನನ್ನ ಅಂಗಡಿಗೆ ಬಂದರು. ಅಂಗಡಿಗೆ ಬರುವ ಅಭ್ಯಾಸ ಅವರಿಗಿಲ್ಲ. ಬಂದವರು ಪ್ರವಾಸಿಗರ ಸ್ಟೂಲಿನ ಮೇಲೆ ಕೂತು, ದಾರದ ಉಂಡೆಗಳನ್ನು ಬಣ್ಣದ ಪ್ರಕಾರ ಜೋಡಿಸಿ, ಮತ್ತೆ ಕೆಡಿಸಿ, ಕೊನೆಗೆ ಕೇಳಿದರು: “ನಳಿನಿ, ನಾಳೆ ಆ ವ್ಯಾನು ಮಡಿಕೇರಿಗೆ ಹೋಗದೇ ಇರೋ ಹಾಗೆ ಏನಾದ್ರೂ ಮಾಡಕ್ಕಾಗುತ್ತಾ?”

“ಯಾಕಪ್ಪ?”

“ನಿಮ್ಮಮ್ಮ ರಾಜಾಸೀಟು ನೋಡಿಲ್ಲ.”

ನಾನು ಮಿಷನ್ನು ನಿಲ್ಲಿಸಿದೆ.

ಆದದ್ದು ಇಷ್ಟು. ಆ ಕಾಲಕ್ಕೆ ಅಪ್ಪ ಮಡಿಕೇರಿ ಕಂಡಿದ್ದೇ ಒಂದು ಸಲ, ಅದೂ ಲಾರಿಯಲ್ಲಿ ಗೊಬ್ಬರದ ಜೊತೆ. ವಾರಕ್ಕೊಮ್ಮೆ ಹೋಗುತ್ತೇನೆಂದು ಕೊಚ್ಚಿಕೊಂಡವರು ಹೆಂಡತಿಯೆದುರಿಗೆ ದಾರಿ ಕೇಳುವುದು ಹೇಗೆ? ಅಮ್ಮನನ್ನು ಬಸ್‌ಸ್ಟ್ಯಾಂಡಿನಲ್ಲಿ ಒಂದು ಹೂವಿನ ಅಂಗಡಿಯ ಮುಂದೆ ನಿಲ್ಲಿಸಿ, ಬಸ್ಸಿಗೆ ಜನ ಕೂಗುತ್ತಿದ್ದ ಏಜೆಂಟನೊಬ್ಬನ ಹತ್ತಿರ ಹೋಗಿ ಮೆಲ್ಲಗೆ, “ರಾಜಾ ಸೀಟು...?” ಎಂದು ತಲೆ ಕೆರೆದುಕೊಂಡರು. ಆತ ಕೂಗುವುದರ ನಡುವೆಯೇ ಹೇಳಿದ: “ಸಿಗ್ತದೆ ಮಾರಾಯ್ರೆ, ಇವತ್ತು ರಶ್ ಇಲ್ಲ. ಆ ಏರಿನಲ್ಲಿ ಮರದಡಿ ಕಲ್ಲುಬೆಂಚು ಉಂಟಲ್ಲ, ಅಲ್ಲಿ ಹೋಗಿ ಕೂತಿರಿ. ಆರೂವರೆಗೆ. ಅದು ತಪ್ಪಿದ್ರೆ ಇನ್ನು ನಾಳೆಯೇ.”

ಆರೂವರೆ ಎಂದರೆ ಸೂರ್ಯ ಮುಳುಗುವ ಹೊತ್ತು. ಅದು ತಪ್ಪಿದರೆ ನಾಳೆಯೇ ಎಂಬುದೂ ನಿಜ. ಅಪ್ಪನಿಗೆ ಅನುಮಾನಕ್ಕೆ ಜಾಗವೇ ಇರಲಿಲ್ಲ. ಅಮ್ಮನನ್ನು ಗತ್ತಿನಿಂದ ಏರು ಹತ್ತಿಸಿ, ಬೆಂಚು ತೋರಿಸಿದರು. ಸೂರ್ಯನಿಗಾಗಿ ಕಾದರು. ಸೂರ್ಯ ಮಂಜಿನಲ್ಲಿ ಎಲ್ಲಿ ಮುಳುಗಿದನೋ ಯಾರಿಗೂ ಕಾಣಲಿಲ್ಲ. ಆರೂವರೆಗೆ ಸರಿಯಾಗಿ ಆ ಮಂಜಿನೊಳಗಿಂದ, ಹಾರನ್ ಹೊಡೆಯುತ್ತ, ಸೋಮವಾರಪೇಟೆ ಮಾರ್ಗದ ಕೊಡ್ಲಿಪೇಟೆ ಬಸ್ಸು ಬಂದು ಬೆಂಚಿನ ಮುಂದೆ ನಿಂತಿತು. ಗಾಜಿನ ಮೇಲೆ ಕೆಂಪು ಅಕ್ಷರದಲ್ಲಿ ಬಸ್ಸಿನ ಹೆಸರು: ‘ರಾಜ’.

“ಆಗ ನಿಮಗೆ ಗೊತ್ತಾಯ್ತಾ?” ಎಂದೆ, ನಗು ತಡೆದುಕೊಂಡು.

“ಆಗಲೇ ಗೊತ್ತಾಯ್ತು. ಹೇಳೋಣ ಅಂತ ಬಾಯಿ ತೆಗೆದೆ. ಅಷ್ಟರಲ್ಲಿ ನಿಮ್ಮಮ್ಮ, ‘ನೋಡ್ರೀ, ಇಲ್ಲಿ ಬಸ್ಸಿಗೂ ರಾಜನ ಹೆಸರೇ ಇಟ್ಟವ್ರೆ!’ ಅಂತ ಚಪ್ಪಾಳೆ ತಟ್ಟಿದಳು. ಹೆಂಗೆ ಹೇಳೋದು?”

ಹೇಳದೆ ಉಳಿದದ್ದು ಉಳಿದೇ ಹೋಯಿತು. ನಾವು ಚಿಕ್ಕವರಿದ್ದಾಗ ರಾಜಾಸೀಟಿಗೆ ಹೋಗೋಣ ಎಂದಾಗಲೆಲ್ಲ ಅಪ್ಪ, “ಈಗ ಮಂಜು, ಏನೂ ಕಾಣಲ್ಲ” ಎನ್ನುತ್ತಿದ್ದರು. ಮಂಜಿಲ್ಲದಾಗ “ಈಗ ಪಿಕ್ಕಿಂಗು”. ಪಿಕ್ಕಿಂಗ್ ಮುಗಿದರೆ “ಈಗ ಪ್ರವಾಸಿಗರ ರಶ್ಶು”. ಅವರ ಕೆಲಸದ ನಿಷ್ಠೆ ಎಂದು ನಾನು ಹೆಮ್ಮೆಪಟ್ಟಿದ್ದೆಲ್ಲ ಇದು! ಹೊಟ್ಟೆ ಹಿಡಿದುಕೊಂಡು ನಕ್ಕೆ. ಅಪ್ಪ ನಗಲಿಲ್ಲ.

“ನನ್ನನ್ನ ಬೈದ್ರೆ ಬೈಸ್ಕೊಳ್ತೀನಿ. ಅದಲ್ಲ. ಇಷ್ಟು ವರ್ಷ ಎಲ್ಲರ ಮುಂದೆ ಹೇಳಿಕೊಂಡು ಬಂದಿದ್ದಾಳೆ. ನಾಳೆ ಸರೋಜನ ಎದುರಿಗೆ ಅವಳ ಮಾತು ಬಿದ್ದುಹೋಗುತ್ತಲ್ಲ, ಅದನ್ನ ನೋಡಕ್ಕೆ ನನ್ನ ಕೈಲಿ ಆಗಲ್ಲ.”

ನನ್ನ ನಗು ಅಲ್ಲಿಗೆ ನಿಂತಿತು. ಅಮ್ಮನಿಗೆ ಚಿನ್ನದ ಬಳೆಯಿಲ್ಲ, ಸ್ವಂತ ತೋಟವಿಲ್ಲ. ಅಕ್ಕತಂಗಿಯರ ನಡುವೆ ತಲೆಯೆತ್ತಿ ಹೇಳಿಕೊಳ್ಳಲು ಅವಳಿಗಿದ್ದದ್ದು ಅದೊಂದು ಬೆಂಚು. ಅಪ್ಪ ಮಗಳು ಇಬ್ಬರೂ ಸೇರಿ ಆ ವ್ಯಾನನ್ನು ಹೇಗಾದರೂ ತಡೆಯುವುದೆಂದು ತೀರ್ಮಾನಿಸಿದೆವು.

ಭಾನುವಾರ ಹಾರಂಗಿ ಅಣೆಕಟ್ಟಿನ ಮುಂದೆ ನಾನು ಮಾಡಿದಷ್ಟು ಭಾಷಣವನ್ನು ಯಾವ ನೀರಾವರಿ ಇಂಜಿನಿಯರೂ ಮಾಡಿರಲಾರ. ಶಾಲೆಯಿಂದ ಒಮ್ಮೆ ಅಲ್ಲಿಗೆ ಪ್ರವಾಸ ಬಂದಿದ್ದೆ ನಿಜ, ಆದರೆ ನೆನಪಿದ್ದದ್ದು ಪುಳಿಯೋಗರೆ ಮಾತ್ರ. ಆದರೂ ಬಿಡಲಿಲ್ಲ. ನೀರು ಎಲ್ಲಿಂದ ಬರುತ್ತದೆ, ಎಲ್ಲಿಗೆ ಹೋಗುತ್ತದೆ, ಹೋಗದಿದ್ದರೆ ಏನಾಗುತ್ತದೆ. ನಾನು ಮುಗಿಸುವ ಲಕ್ಷಣ ಕಂಡರೆ ಅಪ್ಪ, “ಆ ಗೇಟಿನ ವಿಷಯ ಹೇಳಲೇ ಇಲ್ಲ ನೀನು” ಎಂದು ಮತ್ತೆ ಕೀಲಿ ಕೊಡುತ್ತಿದ್ದರು. ಹರೀಶ ಫೋನು ನೋಡಿ, “ಅಕ್ಕ, ಮಡಿಕೇರಿಗೆ ಈಗ ಹೊರಟ್ರೆ ಸನ್‌ಸೆಟ್ ಸಿಗುತ್ತೆ” ಎಂದ. ಫೋನಿನಲ್ಲಿ ನಕಾಶೆಯಿರುವ ಕಾಲದಲ್ಲಿ ಯಾರನ್ನಾದರೂ ದಾರಿ ತಪ್ಪಿಸುವುದು ಬಹಳ ಕಷ್ಟ. ಗುಡ್ಡೆಹೊಸೂರು ದಾಟುತ್ತಲೇ ಅಪ್ಪನಿಗೆ ತಲೆಸುತ್ತು ಬಂತು. ಸುಂಟಿಕೊಪ್ಪದಲ್ಲಿ ಹೊಟ್ಟೆನೋವು. ಅಮ್ಮ ಕೈಚೀಲದಿಂದ ಎರಡಕ್ಕೂ ಮಾತ್ರೆ ತೆಗೆದು ಕೊಟ್ಟಳು. ಪಾಪ, ಏನೂ ಆಗದ ಅಪ್ಪ ಎರಡನ್ನೂ ನುಂಗಿದರು.

ಹಾಗೆ ನಾನು ರಾಜಾಸೀಟು ನೋಡಿದೆ. ನಿಜ ಹೇಳಬೇಕೆಂದರೆ ಚೆನ್ನಾಗಿದೆ. ಹೂವಿನ ಪಾತಿಗಳು, ಕಮಾನುಗಳ ಪುಟ್ಟ ಮಂಟಪ, ಅದರಾಚೆ ಒಂದರ ಹಿಂದೆ ಒಂದು ಬೆಟ್ಟ. ಮಂಟಪದ ತುಂಬ ಫೋನು ಎತ್ತಿ ಹಿಡಿದ ಜನ. ರಾಜನೇ ಬಂದರೂ ಸರದಿಯಲ್ಲಿ ನಿಲ್ಲಬೇಕು. ಅಪ್ಪ ಬೆಟ್ಟಗಳ ಕಡೆ ಮುಖ ಮಾಡಿ, ಯಾರಿಗೂ ಸೇರದವರಂತೆ ನಿಂತುಬಿಟ್ಟರು. ಅಮ್ಮ ಒಂದು ಸುತ್ತು ನೋಡಿದಳು. ಮರ ನೋಡಿದಳು, ಮಂಟಪ ನೋಡಿದಳು.

“ಎಲ್ಲಕ್ಕ ನಿನ್ ಬೆಂಚು?” ಎಂದಳು ಚಿಕ್ಕಮ್ಮ.

“ಇದಲ್ಲ” ಎಂದಳು ಅಮ್ಮ.

“ಏನಿದಲ್ಲ?”

“ಇದು ರಾಜಾಸೀಟಲ್ಲ. ಬೋರ್ಡು ಯಾರು ಎಲ್ಲಿ ಬೇಕಾದ್ರೂ ಹಾಕ್ತಾರೆ.”

ಅಷ್ಟಕ್ಕೇ ಬಿಡಲಿಲ್ಲ. ಗೇಟಿನ ಹತ್ತಿರ ನಿಂತಿದ್ದ ಕಾವಲಿನವನನ್ನು ಹಿಡಿದು, “ಏನಪ್ಪ, ರಾಜ ಇಲ್ಲೇ ಕೂತಿದ್ದ ಅಂತ ನೀನು ನೋಡಿದೀಯ?” ಎಂದು ವಿಚಾರಿಸಿದಳು. ಅವನು ಗಾಬರಿಯಾಗಿ, “ನಂಗೆ ಗೊತ್ತಿಲ್ಲ ಅಜ್ಜಿ, ನಾನು ಡ್ಯೂಟಿಗೆ ಸೇರಿ ಎರಡು ವರ್ಷ ಆದದ್ದಷ್ಟೆ” ಎಂದ. “ನೋಡಿದ್ಯಾ ಸರೋಜ?” ಎಂದು ಅಮ್ಮ ಗೆದ್ದವಳಂತೆ ತಿರುಗಿ, ಸೀರೆಯ ನಿರಿಗೆ ಎತ್ತಿಕೊಂಡು ಹೊರಗೆ ಹೊರಟೇಬಿಟ್ಟಳು. ಹಿಂದೆ ಚಿಕ್ಕಮ್ಮ, ಅವಳ ಹಿಂದೆ ಹರೀಶ, ನಾನು, ಎಲ್ಲರಿಗಿಂತ ಹಿಂದೆ ಕಾಲೆಳೆಯುತ್ತ ಅಪ್ಪ. ಇಳಿಜಾರು, ತಿರುವು, ಬಸ್‌ಸ್ಟ್ಯಾಂಡು, ಒಂದು ಸಂದು, ಮತ್ತೊಂದು ಏರು. ಆ ಮಂಜಿನ ದಿನ ಒಮ್ಮೆ ನಡೆದಿದ್ದ ಕಡೆಗೆ ಅವಳು ಎಲ್ಲೂ ತಡವರಿಸದೆ ನಡೆದಳು.

ಬೆಂಚು ಇತ್ತು! ಮರ ಇರಲಿಲ್ಲ. ಮರದ ಜಾಗದಲ್ಲಿ ಮನೆಯಲ್ಲೇ ಮಾಡಿದ ಚಾಕೊಲೇಟು, ಏಲಕ್ಕಿ, ಜೇನುತುಪ್ಪ ಮಾರುವ ಅಂಗಡಿ. ಎದುರಿನ ಕಣಿವೆಯನ್ನು ಒಂದು ಲಾಡ್ಜು ಮುಕ್ಕಾಲು ಪಾಲು ಮುಚ್ಚಿತ್ತು. ಉಳಿದ ಕಾಲು ಪಾಲಿನಲ್ಲಿ ಒಂದಿಷ್ಟು ಬೆಟ್ಟ ಕಾಣುತ್ತಿತ್ತು. ಅಮ್ಮ ಕೈಯಿಂದ ಬೆಂಚಿನ ಧೂಳು ಒರೆಸಿ, “ಇದು ಕಣೇ ಸರೋಜ” ಎಂದು ಕೂತಳು. ಬೆಂಚಿನ ಆ ತುದಿಯಲ್ಲಿ ತರಕಾರಿ ಚೀಲ ಇಟ್ಟುಕೊಂಡು ಕೂತಿದ್ದ ಹೆಂಗಸೊಬ್ಬಳು ನಮ್ಮನ್ನೆಲ್ಲ ನೋಡಿ, “ಸೋಮವಾರಪೇಟೆ ಬಸ್ಸಿಗಾ? ಈಗಷ್ಟೇ ಹೋಯ್ತಲ್ಲ” ಎಂದಳು.

ಚಿಕ್ಕಮ್ಮನ ಹುಬ್ಬು ಮೇಲೇರಿತು. “ಅಕ್ಕ, ಇದು ಬಸ್ಸು ಕಾಯೋ ಬೆಂಚು ಅಲ್ವ?”

ಅಮ್ಮ ಅಪ್ಪನ ಮುಖ ನೋಡಿದಳು. ಅಪ್ಪ ಮುಂದೆ ಬಂದರು. “ಹೌದು ಸರೋಜ. ತಪ್ಪು ನನ್ನದು. ಅವತ್ತು ದಾರಿ ಗೊತ್ತಿರ್ಲಿಲ್ಲ, ಕೇಳಿದ್ದು ಒಂದು, ಅವನು ಹೇಳಿದ್ದು ಇನ್ನೊಂದು. ರಾಜ ಅನ್ನೋ ಬಸ್ಸಿಗೆ ಕಾಯೋ ಜಾಗ ಇದು. ಬಸ್ಸು ಬಂದ ಮೇಲೆ ನನಗೆ ಗೊತ್ತಾಯ್ತು. ಇವಳಿಗೆ ಹೇಳಲಿಲ್ಲ.” ಒಂದೇ ಉಸಿರಿಗೆ ಹೇಳಿ, ಶಾಲೆಯಲ್ಲಿ ಪಾಠ ಒಪ್ಪಿಸಿದವರ ಹಾಗೆ ಕೈಕಟ್ಟಿ ನಿಂತರು.

ಅಮ್ಮ ಬೆಂಚಿನ ಕಲ್ಲನ್ನು ಸವರಿದಳು. ಆಮೇಲೆ ತಂಗಿಯ ಕಡೆ ತಿರುಗಿದಳು.

“ರಾಜ ಎಲ್ಲಿ ಕೂತಿದ್ರೆ ನನಗೇನಾಗ್ಬೇಕೆ? ಅವತ್ತು ಸೋನೆ ಹಿಡ್ಕಂಡಿತ್ತು. ನನ್ನ ಹೊಸ ಸೀರೆ ನೆನೀಬಾರದು ಅಂತ ಇವ್ರು ನನ್ನ ಕೂರಿಸಿ, ಬಸ್ಸು ಬರೋವರ್ಗೂ ಕೊಡೆ ಹಿಡ್ಕಂಡು ಪಕ್ಕದಲ್ಲಿ ನಿಂತೇ ಇದ್ರು. ಹೋಗೋರು ಬರೋರು ನಕ್ಕರೂ ಕೊಡೆ ಇಳಿಸ್ಲಿಲ್ಲ. ನಮ್ಮೂರಲ್ಲಿ ಯಾವ ಗಂಡಸು ಹೆಂಡ್ತಿಗೆ ಕೊಡೆ ಹಿಡಿದಿದ್ದ ಹೇಳು? ಅವತ್ತಿಂದ ನನಗೆ ಇದೇ ರಾಜಾಸೀಟು. ಅದು ಬಸ್ಸಿಂದಾದ್ರೆ ಬಸ್ಸಿಂದು.”

ಅಪ್ಪನ ಕಣ್ಣು ತೇವವಾದದ್ದನ್ನು ನಾನು ನೋಡಿದೆ. ಚಿಕ್ಕಮ್ಮನೇ ಕಾಪಾಡಿದಳು. “ನಮ್ಮೆಜಮಾನ್ರು ಛತ್ರಿ ಹಿಡಿಯೋದು ಹಾಗಿರ್ಲಿ, ಮಳೆ ಬಂದ್ರೆ ನನ್ನ ಕೈಲಿರೋ ಛತ್ರೀನೇ ಕಿತ್ಕೊಂಡು ಮುಂದೆ ಹೋಗ್ತಾರೆ ಕಣಕ್ಕ. ನೀನೇ ಗೆದ್ದೆ ಬಿಡು” ಎಂದಳು. ತರಕಾರಿ ಚೀಲದ ಹೆಂಗಸೂ ನಕ್ಕು, ಎದ್ದು ಜಾಗ ಬಿಟ್ಟಳು.

“ಏನು ಹಾಗೆ ನಿಂತಿದೀರ? ಅವತ್ತೂ ಕೂರ್ಲಿಲ್ಲ. ಬನ್ನಿ” ಎಂದಳು ಅಮ್ಮ. ಅಪ್ಪ ಅತ್ತ ಇತ್ತ ನೋಡಿ, ಮದುಮಗನ ನಾಚಿಕೆಯಲ್ಲೇ ಪಕ್ಕದಲ್ಲಿ ಕೂತರು. ಹರೀಶ ಫೋಟೊ ತೆಗೆಯತೊಡಗಿದ. ಆ ಹೊತ್ತಿಗೆ ಬೆನ್ನಿಗೆ ಚೀಲ ಹಾಕಿಕೊಂಡ ಗಂಡಹೆಂಡತಿಯರ ಒಂದು ಎಳೆಯ ಜೋಡಿ ಏರು ಹತ್ತಿ ಬಂದು, ಏದುಸಿರಿನಲ್ಲಿ, “ಅಜ್ಜಿ, ರಾಜಾ ಸೀಟ್ ಇಲ್ಲೇನಾ?” ಎಂದು ಕೇಳಿತು.

ಅಮ್ಮ ಅಪ್ಪನ ಕಡೆಗೆ ಇನ್ನಷ್ಟು ಒತ್ತಿ ಕೂತು ಹೇಳಿದಳು: “ಇಲ್ಲೇ. ಆದ್ರೆ ಸೀಟು ತುಂಬೋಗೈತೆ ಕಣಮ್ಮ. ಮುಂದೆ ಇನ್ನೊಂದೈತೆ, ಅಲ್ಲಿಗೆ ಹೋಗಿ.”